306 ಕಿಲೋಮೀಟರಿನ ಲೆಕ್ಕ: ಬೆಂಗಳೂರಿನಿಂದ ಮಂಗಳೂರಿಗೆ ಯಾರಿಗೆ ವಿಮಾನ, ಯಾರಿಗೆ ಬಸ್ಸು, ಯಾರಿಗೆ ರೈಲು

ನನ್ನ ಊರು ಮೂಡುಬಿದಿರೆ, ನನ್ನ ಹೆಂಡತಿಯದು ಪುತ್ತೂರು. ಇಬ್ಬರೂ ಹೊರಡುವುದು ಜಯನಗರದ ಒಂದೇ ಮನೆಯಿಂದ. ಆದರೂ ಊರಿಗೆ ಹೇಗೆ ಹೋಗಬೇಕು ಎಂಬ ಪ್ರಶ್ನೆಗೆ ನಮ್ಮಿಬ್ಬರ ಉತ್ತರ ಬೇರೆ ಬೇರೆ, ಎರಡೂ ಸರಿಯಾದವೇ. ಇದು ತಲೆಗೆ ಹೋಗಲು ನನಗೆ ಕೆಲವು ವರ್ಷ ಹಿಡಿಯಿತು. ಟಿಕೆಟ್ಟಿನಲ್ಲಿ ಕಾಣುವ ‘ಒಂದು ಗಂಟೆ ಐದು ನಿಮಿಷ’ ಎಂಬುದನ್ನೇ ಇಡೀ ಪ್ರಯಾಣ ಎಂದು ನಂಬಿ, ಬೆಳಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೂ ಪುತ್ತೂರು ಮುಟ್ಟದೆ ಅತ್ತೆಯನ್ನು ಕಾಯಿಸಿದ್ದುಂಟು. ಊರಿಗೆ ಹೋಗಿಬರುವ ಎಲ್ಲರಿಗೂ ಉಪಯೋಗವಾಗಲೆಂದು ಈ ಲೆಕ್ಕವನ್ನು ಬಿಡಿಸಿ ಇಡುತ್ತಿದ್ದೇನೆ.

ದೂರ ಎಷ್ಟು, ಹೊತ್ತು ಎಷ್ಟು

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 306 ಕಿಲೋಮೀಟರ್. ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ 165. ರಸ್ತೆಯಲ್ಲಿ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಹಿಡಿದು ಹೋದರೆ ಸುಮಾರು 350. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹೋಗುವ ರೈಲಿಗೆ ಸುಮಾರು 355. ಅಂದರೆ ಮೂರೂ ದಾರಿಗಳ ನಡುವೆ ದೂರದ ವ್ಯತ್ಯಾಸ ಐವತ್ತು ಕಿಲೋಮೀಟರಿನೊಳಗೇ ಇದೆ. ಹೊತ್ತಿನ ವ್ಯತ್ಯಾಸ ಮಾತ್ರ ಕಾಗದದ ಮೇಲೆ ಅಜಗಜಾಂತರ: ಒಂದು ಗಂಟೆ, ಏಳೆಂಟು ಗಂಟೆ, ಒಂಬತ್ತು ಹತ್ತು ಗಂಟೆ.

ಈ ಒಂದು ಗಂಟೆ ಎಲ್ಲಿಂದ ಬಂತು ಎಂದು ನೋಡೋಣ. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ದೂರ ಮತ್ತು ಹಾರಾಟದ ಅವಧಿ ಹೇಳುವ ಜಾಲತಾಣಗಳಲ್ಲಿ ಹಲವು ಮಾಡುವುದು ಸರಳ ಭಾಗಾಕಾರ. ನೇರ ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಕೂಡಿಸುತ್ತವೆ. ನಮ್ಮ ಮಾರ್ಗಕ್ಕೆ ಹಾಗೆ ಲೆಕ್ಕ ಹಾಕಿದರೆ 53 ನಿಮಿಷ ಬರುತ್ತದೆ. ವಿಮಾನ ಕಂಪನಿಯ ವೇಳಾಪಟ್ಟಿಯಲ್ಲಿ ಇರುವುದು ಬೇರೆಯೇ ಲೆಕ್ಕ. ವಿಮಾನ ನಿಂತ ಜಾಗ ಬಿಟ್ಟು ಕದಲಿದ ಕ್ಷಣದಿಂದ ಇನ್ನೊಂದು ತುದಿಯಲ್ಲಿ ಚಕ್ರಕ್ಕೆ ಅಡ್ಡಗಟ್ಟೆ ಇಡುವವರೆಗಿನ ಹೊತ್ತು ಅದು. ಬೆಂಗಳೂರಿನಲ್ಲಿ ರನ್‌ವೇವರೆಗೆ ನೆಲದ ಮೇಲೆ ಉರುಳಲು, ಸರದಿಯಲ್ಲಿ ನಿಲ್ಲಲು ಹತ್ತು ಹದಿನೈದು ನಿಮಿಷ, ಗಾಳಿಯಲ್ಲಿ ನಲವತ್ತರ ಆಸುಪಾಸು, ಬಜ್ಪೆಯಲ್ಲಿ ಇಳಿದ ಮೇಲೆ ಐದು ನಿಮಿಷ, ಜೊತೆಗೆ ತಡವಾದರೂ ಹೆಸರು ಕೆಡದಿರಲೆಂದು ಒಂದಿಷ್ಟು ಹೆಚ್ಚುವರಿ. ಎಲ್ಲ ಸೇರಿ ಒಂದು ಗಂಟೆ ಐದು ಹತ್ತು ನಿಮಿಷ.

ಹಾಗಾಗಿ ಚಿಕ್ಕ ದೂರದಲ್ಲಿ ಜೆಟ್ ವಿಮಾನದ ವೇಗ ಬಹುಪಾಲು ವ್ಯರ್ಥ. ಬೆಂಗಳೂರು–ದೆಹಲಿ ನೇರ ದೂರ ಸುಮಾರು 1,700 ಕಿ.ಮೀ., ಅಂದರೆ ನಮ್ಮ ಮಾರ್ಗದ ಐದೂವರೆ ಪಟ್ಟು. ಅಲ್ಲಿಗೆ ಹಿಡಿಯುವುದು ಸುಮಾರು ಎರಡು ಮುಕ್ಕಾಲು ಗಂಟೆ, ಅಂದರೆ ಎರಡೂವರೆ ಪಟ್ಟು ಮಾತ್ರ. ನಿಂತಲ್ಲಿಂದ ನಿಲ್ಲುವವರೆಗೆ ಸರಾಸರಿ ತೆಗೆದರೆ ದೆಹಲಿಗೆ ಗಂಟೆಗೆ 600 ಕಿ.ಮೀ. ಮೀರುತ್ತದೆ, ಮಂಗಳೂರಿಗೆ 280 ಮುಟ್ಟಿದರೆ ಹೆಚ್ಚು. ಕಾರಣ, ಏರಿ ಸರಿಯಾಗಿ ನೆಟ್ಟಗಾಗುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಇಪ್ಪತ್ತು ಸಾವಿರ ಅಡಿಯಿಂದ ಹದವಾಗಿ ಇಳಿಯಲು ನೂರು ಕಿಲೋಮೀಟರಿಗೂ ಹೆಚ್ಚು ಬೇಕು. ಹತ್ತಲೂ ಹೆಚ್ಚುಕಡಿಮೆ ಅಷ್ಟೇ. 306ರಲ್ಲಿ ಇನ್ನೆಷ್ಟು ಉಳಿಯಿತು?

ಇದೇ ಕಾರಣಕ್ಕೆ ಎಟಿಆರ್ ವಿಮಾನ ಸಿಕ್ಕಿತೆಂದು ಮುಖ ಸಿಂಡರಿಸುವ ಅಗತ್ಯವಿಲ್ಲ. ರೆಕ್ಕೆಯ ಮೇಲೆ ಫ್ಯಾನು ತಿರುಗುವ ಆ ಚಿಕ್ಕ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಸುಮಾರು. ಜೆಟ್ ವಿಮಾನ 800 ದಾಟಬಲ್ಲದು. ಆದರೂ ಈ ಮಾರ್ಗದಲ್ಲಿ ಎರಡರ ನಡುವಿನ ಅಂತರ ಹತ್ತು ಹದಿನೈದು ನಿಮಿಷ, ಅಷ್ಟೇ. ಸದ್ದು ಮತ್ತು ಕುಲುಕಾಟ ಆಗದವರು ಜೆಟ್ ನೋಡಿ ಬುಕ್ ಮಾಡಲಿ. ಹೊತ್ತಿನ ಸಲುವಾಗಿ ತಲೆ ಕೆಡಿಸಿಕೊಳ್ಳುವುದು ಬೇಡ.

ಬಜ್ಪೆಯ ರನ್‌ವೇ ಈಶಾನ್ಯ–ನೈಋತ್ಯವಾಗಿ ಮಲಗಿದೆ. ಗಾಳಿ ನೋಡಿಕೊಂಡು ಈಶಾನ್ಯದ ತುದಿಯಿಂದ ಇಳಿಸಿದರೆ ಬೆಂಗಳೂರಿನಿಂದ ಬರುವ ವಿಮಾನಕ್ಕೆ ಹೆಚ್ಚು ಸುತ್ತಿಲ್ಲ. ಸಮುದ್ರದ ಕಡೆಯಿಂದ ಇಳಿಸಬೇಕಾದರೆ ಊರು ದಾಟಿ ಹೋಗಿ ತಿರುಗಿ ಬರಬೇಕು. ಕೆಲವು ದಿನ ಐದಾರು ನಿಮಿಷ ಹೆಚ್ಚಾಗುವುದು ಇಲ್ಲಿಯೇ.

ಟಿಕೆಟ್ಟಿನಲ್ಲಿ ಕಾಣದ ಹೊತ್ತು

2008ರ ಮೇ 24ರವರೆಗೆ ಬೆಂಗಳೂರಿನ ವಿಮಾನಗಳು ಹಾರುತ್ತಿದ್ದದ್ದು ಎಚ್‌ಎಎಲ್ ನಿಲ್ದಾಣದಿಂದ. ಅಲ್ಲಿಂದ ಬಜ್ಪೆಗೆ ನೇರ ದೂರ ಸುಮಾರು 301 ಕಿ.ಮೀ. ದೇವನಹಳ್ಳಿಗೆ ಬದಲಾದ ಮೇಲೆ ಆಕಾಶದಲ್ಲಿ ಹೆಚ್ಚಿದ್ದು ಐದೇ ಕಿಲೋಮೀಟರ್. ಜಯನಗರದವರಿಗೆ ನೆಲದ ಮೇಲೆ ಹೆಚ್ಚಿದ್ದು ಮೂವತ್ತರ ಹತ್ತಿರ. ಮಂಗಳೂರಿಗೆ ವಿಮಾನದಲ್ಲಿ ಹೋಗುವುದರಲ್ಲಿ ಅರ್ಥವಿದೆಯೇ ಎಂಬ ಚರ್ಚೆಯ ಬೇರು ಇರುವುದು ಈ ಮೂವತ್ತರಲ್ಲಿ.

ನನ್ನ ಅನುಭವದ ಲೆಕ್ಕ ಹೀಗಿದೆ. ಜಯನಗರದಿಂದ ದೇವನಹಳ್ಳಿಗೆ ಹಗಲು ಒಂದೂವರೆ ಗಂಟೆ. ದೇಶದೊಳಗಿನ ವಿಮಾನಗಳಿಗೆ ಸಾಮಾನು ಒಪ್ಪಿಸುವ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲು ಮುಚ್ಚುತ್ತದೆ. ಆದ್ದರಿಂದ ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ ಒಂದು ಗಂಟೆ ಐದು ನಿಮಿಷ. ಬ್ಯಾಗು ಬರಲು ಇಪ್ಪತ್ತು ನಿಮಿಷ. ಬಜ್ಪೆಯಿಂದ ಮರವೂರು ಸೇತುವೆ, ಕಾವೂರು ದಾಟಿ ಮಂಗಳೂರು ಪೇಟೆಗೆ ನಲವತ್ತು ನಿಮಿಷ. ಒಟ್ಟು ಐದು ಗಂಟೆ. ಐದು ಗಂಟೆಯಲ್ಲಿ ಗಾಳಿಯಲ್ಲಿದ್ದದ್ದು ನಲವತ್ತು ನಿಮಿಷ!

ಹೆಬ್ಬಾಳ, ಯಲಹಂಕ, ಸಹಕಾರನಗರದವರಿಗೆ ಇದು ನಾಲ್ಕು ಗಂಟೆ ಅಥವಾ ಅದಕ್ಕೂ ಕಡಿಮೆ. ಅವರು ಕಣ್ಣು ಮುಚ್ಚಿ ವಿಮಾನ ಹತ್ತಬಹುದು. ವೈಟ್‌ಫೀಲ್ಡಿನವರು ಬೂದಿಗೆರೆ ದಾರಿ ಹಿಡಿದರೆ ನಮಗಿಂತ ಬೇಗ ತಲುಪುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಸಂಜೆಯ ಹೊತ್ತು ವಿಮಾನ ನಿಲ್ದಾಣ ಮುಟ್ಟಲೇ ಎರಡೂವರೆ ಗಂಟೆ ಬೇಕಾಗುವುದುಂಟು. ಅವರ ಪ್ರಯಾಣ ಆರು ಗಂಟೆ ಮುಟ್ಟುತ್ತದೆ. ಇನ್ನು ಪೀಣ್ಯ, ದಾಸರಹಳ್ಳಿ, ನೆಲಮಂಗಲದವರು. ಮಂಗಳೂರಿನ ಬಸ್ಸು ಅವರ ಮನೆ ಮುಂದೆಯೇ ಹಾದು ಹೋಗುತ್ತದೆ. ಮೆಜೆಸ್ಟಿಕ್‌ನಿಂದ ಊರು ದಾಟಲು ಉಳಿದವರು ಬಸ್ಸಿನಲ್ಲಿ ಕಳೆಯುವ ಒಂದು ಗಂಟೆ ಇವರಿಗೆ ಉಳಿತಾಯ. ಅಂಥವರು ತೂಗಿ ನೋಡಬೇಕಾದ್ದು ನಾಲ್ಕೂ ಮುಕ್ಕಾಲು ಗಂಟೆಯ ವಿಮಾನ ಮತ್ತು ಆರೂವರೆ ಗಂಟೆಯ ಬಸ್ಸು. ಆ ಒಂದು ಮುಕ್ಕಾಲು ಗಂಟೆಗೆ ನಾನಂತೂ ವಿಮಾನದ ದುಡ್ಡು ಕೊಡಲಾರೆ.

ಮೆಜೆಸ್ಟಿಕ್ಕಿನಿಂದ ವಿಮಾನ ನಿಲ್ದಾಣಕ್ಕೆ ಬಿಎಂಟಿಸಿಯ ವಾಯು ವಜ್ರ ಕೆಐಎ-9 ಬಸ್ಸು ಇದೆ. ಟ್ಯಾಕ್ಸಿಯ ಬದಲು ಅದನ್ನು ಹಿಡಿದರೆ ಇಡೀ ಪ್ರಯಾಣದ ಖರ್ಚು ಎದ್ದು ಕಾಣುವಷ್ಟು ಇಳಿಯುತ್ತದೆ. ಒಬ್ಬರೇ ಹೋಗುವಾಗ ಎರಡೂ ಕಡೆಯ ಟ್ಯಾಕ್ಸಿ ಬಾಡಿಗೆ ಸೇರಿಸಿದರೆ ಅದು ವಿಮಾನದ ಟಿಕೆಟ್ಟಿಗೇ ಹತ್ತಿರ ಬರುವ ದಿನಗಳಿವೆ. ಟಿಕೆಟ್ಟಿನಲ್ಲಿ ಟರ್ಮಿನಲ್ 1 ಎಂದಿದೆಯೋ 2 ಎಂದಿದೆಯೋ ಮನೆಯಲ್ಲೇ ನೋಡಿಕೊಳ್ಳಿ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಎರಡನೇ ಟರ್ಮಿನಲ್ ಬಂದ ಮೇಲೆ, ತಪ್ಪಾದ ಕಡೆ ಇಳಿದು ಓಡುವವರನ್ನು ನಾನು ಪ್ರತಿ ಸಲ ನೋಡುತ್ತೇನೆ.

ಘಟ್ಟದ ಕೆಳಗೆ ನಿಮ್ಮ ಊರು ಯಾವುದು?

ನನ್ನ ಮಟ್ಟಿಗೆ ಇಡೀ ಹೋಲಿಕೆಯ ಜೀವ ಇರುವುದು ಈ ಪ್ರಶ್ನೆಯಲ್ಲಿ. ಬೆಂಗಳೂರಿನಲ್ಲಿ ಕೂತು ‘ಮಂಗಳೂರಿಗೆ ಹೋಗ್ತೀನಿ’ ಎನ್ನುವ ಹತ್ತು ಜನರಲ್ಲಿ ಮಂಗಳೂರು ಪೇಟೆಯವರು ಇಬ್ಬರೋ ಮೂವರೋ. ಉಳಿದವರಿಗೆ ಮಂಗಳೂರು ಎಂದರೆ ಕುಂದಾಪುರದಿಂದ ಸುಳ್ಯದವರೆಗಿನ ಯಾವುದೋ ಊರು.

ಬಜ್ಪೆ ಇರುವುದು ಪೇಟೆಯ ಈಶಾನ್ಯಕ್ಕೆ. ಕಟೀಲು, ಕಿನ್ನಿಗೋಳಿ, ಮೂಡುಬಿದಿರೆ, ಕಾರ್ಕಳದ ಕಡೆಯವರಿಗೆ ಇದೊಂದು ವರ. ಅವರು ಪೇಟೆಯ ಒಳಗೆ ಹೋಗಲೇಬೇಕಿಲ್ಲ. ನಿಲ್ದಾಣದಿಂದ ಹೊರಬಿದ್ದ ಮುಕ್ಕಾಲು ಗಂಟೆಗೆ ನಾನು ಮೂಡುಬಿದಿರೆಯ ಮನೆಯ ಅಂಗಳದಲ್ಲಿರುತ್ತೇನೆ. ಅದೇ ರಾತ್ರಿ ಬಸ್ಸಿನಲ್ಲಿ ಮಂಗಳೂರಿಗೆ ಬಂದರೆ, ಬೆಳಗ್ಗೆ ಇನ್ನೊಂದು ಬಸ್ಸು ಹಿಡಿದು ಬಂದ ದಿಕ್ಕಿನ ಕಡೆಗೇ ಮತ್ತೆ ಒಂದು ಗಂಟೆ ಹೋಗಬೇಕು. ಅದಕ್ಕೇ ನನಗೆ ವಿಮಾನ.

ಪುತ್ತೂರಿನ ಕತೆ ಪೂರಾ ಉಲ್ಟಾ. ಬೆಂಗಳೂರಿನ ಬಸ್ಸು ಶಿರಾಡಿ ಇಳಿದು ಗುಂಡ್ಯ, ನೆಲ್ಯಾಡಿ ದಾಟಿ ಉಪ್ಪಿನಂಗಡಿಗೆ ಬರುತ್ತದೆ. ಅಲ್ಲಿಂದ ಪುತ್ತೂರು ಹನ್ನೆರಡು ಹದಿಮೂರು ಕಿಲೋಮೀಟರ್. ಮಂಗಳೂರಿಗೆ ಹೋಗುವವರು ಇನ್ನೂ ಒಂದೂಕಾಲು ಗಂಟೆ ಕೂರಬೇಕಾದ ಹೊತ್ತಿಗೆ ಪುತ್ತೂರಿನವರು ಮನೆ ಸೇರಿ ಮುಖ ತೊಳೆದಿರುತ್ತಾರೆ. ವಿಮಾನದಲ್ಲಿ ಬಂದರೆ ಬಜ್ಪೆಯಿಂದ ಬಿ.ಸಿ.ರೋಡ್, ಮಾಣಿ ಹಿಡಿದು ಘಟ್ಟದ ಕಡೆಗೇ ವಾಪಸ್ಸು ಬರಬೇಕು. ಅದಕ್ಕೆ ಒಂದೂವರೆ ಗಂಟೆ. ಜಯನಗರದಿಂದ ಲೆಕ್ಕ ಹಾಕಿದರೆ ವಿಮಾನಕ್ಕೂ ಬಸ್ಸಿಗೂ ಉಳಿಯುವ ಅಂತರ ಬರೀ ಒಂದು ಗಂಟೆ. ರೈಲಿನವರಿಗೆ ಕಬಕ ಪುತ್ತೂರು ನಿಲ್ದಾಣವೇ ಇದೆ. ನನ್ನ ಹೆಂಡತಿ ವಿಮಾನದ ಹೆಸರೆತ್ತದೆ ಇರುವುದು ಇದಕ್ಕೇ.

ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವ ಭಕ್ತರು ಬಜ್ಪೆಗೆ ವಿಮಾನ ಹತ್ತುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎರಡೂ ಘಟ್ಟದ ಬುಡದಲ್ಲಿರುವ ಕ್ಷೇತ್ರಗಳು. ವಿಮಾನ ಅವುಗಳನ್ನು ಹಿಂದೆ ಬಿಟ್ಟು ಕಡಲ ದಡಕ್ಕೆ ಒಯ್ದು ಇಳಿಸುತ್ತದೆ, ಮತ್ತೆ ಎರಡು ಗಂಟೆ ಹಿಂದಕ್ಕೆ ಬರಬೇಕು. ನೇರ ಬಸ್ಸು ಹಿಡಿಯಿರಿ, ಇಲ್ಲವೇ ಸುಬ್ರಹ್ಮಣ್ಯ ರೋಡ್‌ನಲ್ಲಿ ರೈಲಿಳಿಯಿರಿ. ಬೆಳ್ತಂಗಡಿ, ಉಜಿರೆಯವರಿಗೆ ಚಾರ್ಮಾಡಿ ಇದೆ, ಸುಳ್ಯದವರಿಗೆ ಮಡಿಕೇರಿ–ಸಂಪಾಜೆ ದಾರಿ ಇದೆ. ಇವರ ಲೆಕ್ಕದಲ್ಲಿ ಬಜ್ಪೆಗೆ ಜಾಗವೇ ಇಲ್ಲ.

ಉಡುಪಿಯವರದು ಸ್ವಲ್ಪ ಯೋಚಿಸಬೇಕಾದ ವಿಷಯ. ಬಜ್ಪೆಯಿಂದ ಉಡುಪಿ ಅರವತ್ತು ಕಿಲೋಮೀಟರಿನ ಒಳಗೆ, ಒಂದೂಕಾಲು ಒಂದೂವರೆ ಗಂಟೆ. ಆಸ್ಪತ್ರೆ, ಮಣಿಪಾಲದ ಕಾಲೇಜು ಎಂದು ಹಗಲಲ್ಲಿ ತಲುಪಲೇಬೇಕಾದವರಿಗೆ ವಿಮಾನ ಸರಿ. ಊರಿಗೆ ಹೋಗುವವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಬಂದ ಮೇಲೆ ನಾನು ಬೇರೆ ಸಲಹೆ ಕೊಡುವುದೇ ಇಲ್ಲ. ಅದು ಮಂಗಳೂರು ಪೇಟೆಯೊಳಗೆ ಹೋಗಿ ಹೊತ್ತು ಕಳೆಯದೆ, ಪಡೀಲಿನ ಬಳಿ ತಿರುಗಿ ನೇರ ಉಡುಪಿ, ಕುಂದಾಪುರ, ಕಾರವಾರದ ಕಡೆ ಓಡುತ್ತದೆ. ಕಾಸರಗೋಡಿನ ಕನ್ನಡಿಗರಿಗೆ 2018ರ ಡಿಸೆಂಬರಿನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ಇನ್ನೊಂದು ಆಯ್ಕೆಯಂತೆ ಕಾಣುತ್ತದೆ. ಅದಿರುವುದು ಮಟ್ಟನ್ನೂರಿನಲ್ಲಿ. ಕಾಸರಗೋಡಿಗೆ ಬಜ್ಪೆಯೇ ಹತ್ತಿರ.

ಮಳೆ, ಮಂಜು, ಮತ್ತು ಮೇಜಿನಂಥ ಗುಡ್ಡ

1951ರ ಡಿಸೆಂಬರಿನಲ್ಲಿ ಶುರುವಾದ ಬಜ್ಪೆ ನಿಲ್ದಾಣ ಗುಡ್ಡದ ನೆತ್ತಿಯಲ್ಲಿದೆ. ಈಗ ಬಳಸುವ ರನ್‌ವೇ 2,450 ಮೀಟರ್ ಉದ್ದ. ಬೆಂಗಳೂರಿನ ಎರಡು ರನ್‌ವೇಗಳೂ 4,000 ಮೀಟರ್. ಬಜ್ಪೆಯ ರನ್‌ವೇ ಮುಗಿದ ಮೇಲೆ ಕಣಿವೆ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಅಲ್ಲಿ ಕಣಿವೆಗೆ ಉರುಳಿ 158 ಜನ ಹೋದರು. ನಮ್ಮ ಕಡೆ ಆ ದಿನವನ್ನು ಮರೆತವರಿಲ್ಲ. ಇಂದಿಗೂ ‘ಮಳೆಗಾಲದಲ್ಲಿ ಬಜ್ಪೆಗೆ ವಿಮಾನ ಬೇಡ’ ಎನ್ನುವ ಹಿರಿಯರಿದ್ದಾರೆ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಅವರಿಗೆ ನಾನು ಹೇಳುವುದಿಷ್ಟು: ಮಳೆಯಲ್ಲಿ ರನ್‌ವೇ ಕಾಣದಿದ್ದರೆ ಪೈಲಟ್ ಇಳಿಸುವುದಿಲ್ಲ. ಮೇಲೆ ಸುತ್ತು ಹಾಕಿ ಕಾಯುತ್ತಾರೆ, ಆಗದಿದ್ದರೆ ಬೆಂಗಳೂರಿಗೋ ಕೇರಳದ ಯಾವುದಾದರೂ ನಿಲ್ದಾಣಕ್ಕೋ ತಿರುಗಿಸುತ್ತಾರೆ. ಆ ತಿರುವು ನಮ್ಮ ಜೀವ ಕಾಯುವ ಕ್ರಮ, ಸಿಟ್ಟಾಗಬಾರದು. ಆದರೆ ಜುಲೈ ತಿಂಗಳಲ್ಲಿ ಮದುವೆಗೋ ಶ್ರಾದ್ಧಕ್ಕೋ ಹೋಗುವವರು ಅದೇ ದಿನದ ಬೆಳಗಿನ ವಿಮಾನ ನಂಬಬೇಡಿ, ಹಿಂದಿನ ದಿನ ಹೊರಡಿ.

ಹಾಗೆಂದು ಮಳೆಗಾಲದಲ್ಲಿ ಬಸ್ಸು ರೈಲುಗಳೇ ಭದ್ರ ಎನ್ನುವಂತೆಯೂ ಇಲ್ಲ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲು ನಿಂತಿತು. ಅದೇ ದಿನಗಳಲ್ಲಿ ಶಿರಾಡಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ರಸ್ತೆಯೂ ಮುಚ್ಚಿತು. ಅಂಥ ವಾರದಲ್ಲಿ ವಿಮಾನದ ಬೆಲೆ ಮುಗಿಲು ಮುಟ್ಟುವುದು ಸಹಜ. ಜುಲೈ, ಆಗಸ್ಟಿನಲ್ಲಿ ಹೋಗಲೇಬೇಕೆಂದು ಮೊದಲೇ ಗೊತ್ತಿದ್ದರೆ ಮುಂಗಡವಾಗಿ ವಿಮಾನ ಕಾಯ್ದಿರಿಸುವುದು ಒಳ್ಳೆಯದು.

ಚಳಿಗಾಲದಲ್ಲಿ ತೊಂದರೆ ಇನ್ನೊಂದು ತುದಿಯಲ್ಲಿ. ಡಿಸೆಂಬರ್, ಜನವರಿಯ ನಸುಕಿನಲ್ಲಿ ದೇವನಹಳ್ಳಿಗೆ ದಟ್ಟ ಮಂಜು ಮುಸುಕುತ್ತದೆ. 2019ರ ಡಿಸೆಂಬರಿನಲ್ಲಿ ಶುರುವಾದ ದಕ್ಷಿಣದ ರನ್‌ವೇಯಲ್ಲಿ ಮಂಜಿನಲ್ಲೂ ಇಳಿಸುವ ಉಪಕರಣ ಬಂದಿದೆ ನಿಜ, ಆದರೆ ವಿಮಾನಕ್ಕೂ ಪೈಲಟ್‌ಗೂ ಅದರ ಅರ್ಹತೆ ಇರಬೇಕು. ಸೋಮವಾರ ಬೆಳಗಿನ ಮೊದಲ ವಿಮಾನದಲ್ಲಿ ಬಂದು ಹತ್ತು ಗಂಟೆಗೆ ಕಚೇರಿಯಲ್ಲಿ ಇರುತ್ತೇನೆಂದು ನಾನೂ ಒಮ್ಮೆ ಮಾತು ಕೊಟ್ಟಿದ್ದೆ. ತಲುಪಿದಾಗ ಮಧ್ಯಾಹ್ನವಾಗಿತ್ತು. ಆ ಎರಡು ತಿಂಗಳು ಭಾನುವಾರ ಸಂಜೆಯೇ ಘಟ್ಟ ಹತ್ತಿಬಿಡುತ್ತೇನೆ.

ರೈಲಿನ ಪರವಾಗಿ ಎರಡು ಮಾತು

ಹೊತ್ತಿನಲ್ಲಿ ರೈಲು ಎಲ್ಲರಿಗಿಂತ ಹಿಂದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಟ್ಟ, 57 ಸುರಂಗ, ಐವತ್ತು ಅಡಿಗೆ ಒಂದು ಅಡಿ ಇಳಿಜಾರು. ಆ ತುಣುಕಿಗೇ ಎರಡು ಗಂಟೆಗೂ ಹೆಚ್ಚು ಬೇಕು. ಹಗಲಿನ ರೈಲಿಗೆ ಒಟ್ಟು ಒಂಬತ್ತೂವರೆ ಹತ್ತು ಗಂಟೆ. 2021ರ ಜುಲೈನಿಂದ ಹಗಲು ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಸೇರಿದೆ. ಮಕ್ಕಳಿದ್ದವರು ಒಮ್ಮೆಯಾದರೂ ಅದರಲ್ಲಿ ಘಟ್ಟ ಇಳಿಯಲಿ.

ರಾತ್ರಿ ರೈಲಿನ ಲೆಕ್ಕ ಬೇರೆ. ಅಲ್ಲಿ ಕಳೆಯುವುದು ಹೇಗೂ ಮಲಗುವ ಹೊತ್ತು. ವಿಮಾನದ ಐದು ಗಂಟೆ ಹಗಲಿನಿಂದ ಕಿತ್ತುಕೊಳ್ಳುವ ಐದು ಗಂಟೆ, ಅರ್ಧ ದಿನದ ರಜೆ. ನಿದ್ದೆ ಬರುವವರಿಗೆ ರಾತ್ರಿ ರೈಲು, ರಾತ್ರಿ ಬಸ್ಸುಗಳೇ ನಿಜವಾಗಿ ವೇಗದವು. ಘಟ್ಟದ ತಿರುವಿನಲ್ಲಿ ವಾಂತಿ ಬರುವವರಿಗೆ, ಮೊಣಕಾಲು ನೋವಿನಿಂದ ಸ್ಲೀಪರ್ ಬಸ್ಸಿನ ಮೇಲಿನ ಬರ್ತ್ ಹತ್ತಲಾಗದವರಿಗೆ ರೈಲಿನ ಕೆಳಗಿನ ಬರ್ತ್‌ಗಿಂತ ಹಿತವಾದದ್ದು ಇಲ್ಲ. ಅಮ್ಮನನ್ನು ನಾನು ಕರೆದುಕೊಂಡು ಬರುವುದು ಹಾಗೆಯೇ. ತೀರಾ ಆಗದವರಿಗೆ ವಿಮಾನದಲ್ಲಿ ಗಾಲಿಕುರ್ಚಿ ಕೇಳಿ ಪಡೆಯಬಹುದು. ಅದನ್ನು ಟಿಕೆಟ್ ಮಾಡುವಾಗಲೇ ಹೇಳಿಬಿಡಿ.

ಸಾಮಾನಿನ ವಿಷಯ ಬಿಡಲಾಗದು. ವಿಮಾನದಲ್ಲಿ ಸಾಮಾನ್ಯವಾಗಿ ಒಪ್ಪಿಸಲು 15 ಕಿಲೋ, ಕೈಯಲ್ಲಿ 7 ಕಿಲೋ. ಊರಿಂದ ಬರುವಾಗ ಹತ್ತು ಕಿಲೋ ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ, ಮಟ್ಟುಗುಳ್ಳ ಕಟ್ಟಿಕೊಟ್ಟರೆ ಆ ಲೆಕ್ಕ ಎಲ್ಲಿ ನಿಲ್ಲುತ್ತದೆ? ಒಣ ಕೊಬ್ಬರಿಯನ್ನಂತೂ ಬಿಡುವುದೇ ಇಲ್ಲ, ಅದು ಬೆಂಕಿ ಹಿಡಿಯುವ ವಸ್ತುವಿನ ಪಟ್ಟಿಯಲ್ಲಿದೆ. ಹೋಗುವಾಗ ವಿಮಾನ, ಬರುವಾಗ ಬಸ್ಸು ಎಂಬ ನಮ್ಮ ಮನೆಯ ಪದ್ಧತಿ ಹುಟ್ಟಿದ್ದು ಹೀಗೆ.

ಬೇರೆ ಊರುಗಳಿಗೆ ಇದೇ ಅಳತೆ

ಶಿವಮೊಗ್ಗದ ಸೋಗಾನೆ ನಿಲ್ದಾಣ ಬೆಂಗಳೂರಿನಿಂದ ನೇರ ಗೆರೆಯಲ್ಲಿ 240 ಕಿಲೋಮೀಟರಿನೊಳಗೆ. 2023ರ ಆಗಸ್ಟ್ 31ರಂದು ಅಲ್ಲಿಗೆ ಮೊದಲ ವಿಮಾನ ಇಳಿದಾಗ ನಮಗೂ ಸಂತೋಷವಾಗಿತ್ತು. ಆದರೆ ಘಟ್ಟವಿಲ್ಲದ ದಾರಿಯಲ್ಲಿ ಜನಶತಾಬ್ದಿ ರೈಲು ಐದು ಗಂಟೆಯೊಳಗೆ ಪೇಟೆಯ ನಡುವೆ ಇಳಿಸುವಾಗ, ಬೆಂಗಳೂರಿನವರಿಗೆ ವಿಮಾನದಿಂದ ಉಳಿಯುವುದು ಅಷ್ಟಕ್ಕಷ್ಟೆ. ಹುಬ್ಬಳ್ಳಿ 370 ಕಿ.ಮೀ., ವಂದೇ ಭಾರತ್ ಆರು ಗಂಟೆ ಸುಮಾರು. ಹೆಬ್ಬಾಳದವರಿಗೆ ವಿಮಾನ, ಮೆಜೆಸ್ಟಿಕ್ಕಿನ ಸುತ್ತಲಿನವರಿಗೆ ರೈಲು. ಬೆಳಗಾವಿ 445ರ ಹತ್ತಿರ. ಅಲ್ಲಿಗೆ ಬಂದಾಗ ತಕ್ಕಡಿ ವಿಮಾನದ ಕಡೆ ವಾಲುತ್ತದೆ.

ಮುಂಬೈಯಲ್ಲಿರುವ ನಮ್ಮವರಿಗೆ ಈ ಗೊಂದಲ ಯಾವುದೂ ಇಲ್ಲ. ಬಜ್ಪೆಯಿಂದ ಮುಂಬೈಗೆ ನೇರ ದೂರ ಸುಮಾರು 710 ಕಿ.ಮೀ., ಹಾರಾಟ ಒಂದೂವರೆ ಗಂಟೆಯ ಮೇಲೆ ಸ್ವಲ್ಪ. ಮತ್ಸ್ಯಗಂಧ ರೈಲಿಗೆ ಒಂದು ಇಡೀ ರಾತ್ರಿ ಮತ್ತು ಅದಕ್ಕಂಟಿದ ಸಂಜೆ, ಬೆಳಗು ಬೇಕು. ದುಡ್ಡು ಹೊಂದುವುದಾದರೆ ಅಲ್ಲಿ ಎರಡನೇ ಯೋಚನೆಯೇ ಬೇಡ.

ಮಳೆ ನಿಂತ ಅಕ್ಟೋಬರಿನ ಕೊನೆಯಲ್ಲೋ ನವೆಂಬರಿನಲ್ಲೋ ಬೆಂಗಳೂರಿನಿಂದ ವಿಮಾನ ಹತ್ತುವವರು ಬಲಗಡೆಯ ಕಿಟಕಿ ಕೇಳಿ ಪಡೆಯಿರಿ. ಹಾಸನದ ಬಯಲು ಮುಗಿದು ಕಾಫಿ ತೋಟಗಳ ಕಡು ಹಸಿರು ಶುರುವಾದ ಮೇಲೆ ಹೆಚ್ಚು ಹೊತ್ತಿಲ್ಲ. ಆಕಾಶ ತಿಳಿಯಾಗಿದ್ದರೆ ಕುದುರೆಮುಖದ ಸಾಲು ಕಾಣುತ್ತದೆ. ಅದರ ಬೆನ್ನಿಗೆ ನೆಲ ಥಟ್ಟನೆ ಕೆಳಗೆ ಬೀಳುತ್ತದೆ, ಅಡಿಕೆ ತೋಟ, ಕೆಂಪು ಹಂಚಿನ ಮಾಡು, ದೂರದಲ್ಲಿ ಕಡಲು. ಎಟಿಆರ್ ಸಿಕ್ಕಿದ್ದರೆ ಇನ್ನೂ ಒಳ್ಳೆಯದು, ಅದು ಹಾರುವುದು ಕೆಳಗೆ, ನಿಧಾನವಾಗಿ.